ಮನೆಯಲ್ಲೇ ಸ್ಮೂತ್ನಿಂಗ್: ಅಮೆರಿಕದಿಂದ ಬಂದ ಡಬ್ಬ ಹಚ್ಚಬಹುದಾ?

ತುಂಗಾತೀರದವಳು · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ನನ್ನದು ಗುಂಗುರು ಅಂತಲೂ ಹೇಳಲಾಗದ, ನೇರ ಅಂತಲೂ ಹೇಳಲಾಗದ ಕೂದಲು. ಎಂಟು ತಿಂಗಳ ಹಿಂದೆ ಪಾರ್ಲರ್‌ನಲ್ಲಿ ಸ್ಮೂತ್ನಿಂಗ್ ಮಾಡಿಸಿದ್ದೆ. ಈಗ ಬುಡದಿಂದ ಒಂಬತ್ತು ಸೆಂಟಿಮೀಟರ್ ಹೊಸ ಕೂದಲು ಬಂದಿದೆ, ಸ್ಕೇಲ್ ಇಟ್ಟು ಅಳೆದಿದ್ದೇನೆ. ಮೇಲೆ ಅಲೆ ಅಲೆ, ಕೆಳಗೆ ಇಸ್ತ್ರಿ ಹಾಕಿದ ಹಾಗೆ ನೇರ. ಇಲ್ಲಿನ ಮಳೆ ಗೊತ್ತಲ್ಲ, ನಾಲ್ಕು ಹನಿ ಬಿದ್ದರೆ ನೆತ್ತಿಯ ಮೇಲೆ ತೆಂಗಿನ ನಾರು ಇಟ್ಟುಕೊಂಡ ಹಾಗೆ ಕಾಣುತ್ತೇನೆ.

ಮುಂದಿನ ತಿಂಗಳ ಕೊನೆಗೆ ಅಣ್ಣನ ಮದುವೆ. ಪಾರ್ಲರ್‌ನಲ್ಲಿ ಬುಡಕ್ಕಷ್ಟೇ ಮಾಡಲು ಐದೂವರೆ ಸಾವಿರ ಕೇಳಿದರು. ಅಷ್ಟರಲ್ಲಿ ನ್ಯೂಜೆರ್ಸಿಯ ಚಿಕ್ಕಮ್ಮನ ಮಗಳು ಒಂದು ಡಬ್ಬ ತಂದುಕೊಟ್ಟಳು. ಮೇಲೆ ‘ನೋ ಲೈ ರಿಲ್ಯಾಕ್ಸರ್’ ಅಂತ ಇದೆ. ಒಳಗೆ ಬಿಳಿ ಕ್ರೀಮು, ಅದಕ್ಕೆ ಬೆರೆಸಲು ಪುಟ್ಟ ಬಾಟಲಿ, ಒಂದು ಶಾಂಪೂ, ಕೈಗವಸು. ಇಸ್ತ್ರಿ ಬೇಡ, ಇಪ್ಪತ್ತು ನಿಮಿಷ ಸಾಕಂತೆ. ಶನಿವಾರ ತಂಗಿ ಹಚ್ಚಿಕೊಡುತ್ತಾಳೆ. ಯಾರಾದರೂ ಹಚ್ಚಿದ್ದೀರಾ? ಪೂರ್ತಿ ನೇರ ಆಗಬೇಕು, ಕೂದಲೂ ಹಾಳಾಗಬಾರದು.

ಸುರುಳಿಪುರಾಣ · ಸೋಮವಾರ ರಾತ್ರಿ 9:52

ಅಲೆ ಕೂದಲು ಎಷ್ಟು ಚೆನ್ನಾಗಿರುತ್ತದೆ, ಯಾಕೆ ನೇರ ಮಾಡ್ತೀರಿ? ಹಾಗೇ ಬಿಡಿ.

ತುಂಗಾತೀರದವಳು · ಸೋಮವಾರ ರಾತ್ರಿ 9:58

ಪೂರ್ತಿ ಅಲೆ ಇದ್ದಿದ್ದರೆ ಬಿಡುತ್ತಿದ್ದೆ. ಈಗ ಅರ್ಧ ಅಲೆ, ಅರ್ಧ ನೇರ. ಪೂರ್ತಿ ಅಲೆ ಆಗಬೇಕಾದರೆ ಬುಡದ ಒಂಬತ್ತು ಸೆಂಟಿಮೀಟರ್ ಬಿಟ್ಟು ಮಿಕ್ಕಿದ್ದೆಲ್ಲ ಕತ್ತರಿಸಬೇಕು. ಮದುವೆಗೆ ಮೊದಲು ಅಷ್ಟು ಕತ್ತರಿಸಿದರೆ ಅಮ್ಮ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ.

ಬಾಚಣಿಗೆ ಅಕ್ಕ · ಸೋಮವಾರ ರಾತ್ರಿ 10:25

ನಿಲ್ಲಮ್ಮ, ಆ ಡಬ್ಬದ ಮುಚ್ಚಳ ತೆಗೆಯಬೇಡ. ಮೈಸೂರಿನಲ್ಲಿ 14 ವರ್ಷದಿಂದ ಪಾರ್ಲರ್ ಇಟ್ಟುಕೊಂಡಿದ್ದೇನೆ. ಕೂದಲು ಮುರಿಸಿಕೊಂಡು ಅಳುತ್ತಾ ನನ್ನ ಹತ್ತಿರ ಬಂದವರಲ್ಲಿ ಹೆಚ್ಚಿನವರು ಒಳ್ಳೆಯ ಕ್ರೀಮನ್ನೇ ಹಚ್ಚಿದ್ದರು. ಆದರೆ ಆ ಕೂದಲಿಗೆ ಮೊದಲೇ ಬೇರೇನೋ ಹಚ್ಚಿಯಾಗಿತ್ತು, ಅದನ್ನು ಯಾರೂ ಕೇಳಿರಲಿಲ್ಲ.

ಇದಕ್ಕೆ ಉತ್ತರ ಹೇಳು. ಎಂಟು ತಿಂಗಳ ಹಿಂದೆ ಪಾರ್ಲರ್‌ನಲ್ಲಿ ಹಚ್ಚಿದ ಕ್ರೀಮಿಗೆ ಕೊಳೆತ ಮೊಟ್ಟೆಯ ವಾಸನೆ ಇತ್ತಾ? ತೊಳೆದು ಒಣಗಿಸಿ ಇಸ್ತ್ರಿ ಎಳೆದ ಮೇಲೆ ಎರಡನೇ ಕ್ರೀಮು ಹಚ್ಚಿದರಾ? ಮೆಹಂದಿ, ಡೈ ಏನಾದರೂ ಇದೆಯಾ?

ತುಂಗಾತೀರದವಳು · ಸೋಮವಾರ ರಾತ್ರಿ 10:31

ವಾಸನೆ ಇತ್ತು ಅಕ್ಕ, ಎರಡು ದಿನ ದಿಂಬಿಗೂ ಹತ್ತಿಕೊಂಡಿತ್ತು. ಇಸ್ತ್ರಿ ಆದ ಮೇಲೆ ಬಿಳಿ ಲೋಷನ್ ಹಚ್ಚಿ ಕೂರಿಸಿದ್ದರು. ಡೈ ಇಲ್ಲ. ಅಮ್ಮ ಹಿತ್ತಲ ಗೋರಂಟಿ ಸೊಪ್ಪು ಅರೆದು ಹಚ್ಚುತ್ತಿದ್ದರು, ಅದು ನಿಂತು ಮೂರು ವರ್ಷ ಆಯಿತು.

ಬಾಚಣಿಗೆ ಅಕ್ಕ · ಸೋಮವಾರ ರಾತ್ರಿ 10:44

ಹಾಗಾದರೆ ನಿನಗೆ ಮಾಡಿದ್ದು ಥಯೋ. ಅಮೋನಿಯಂ ಥಯೋಗ್ಲೈಕೊಲೇಟ್. ನಮ್ಮಲ್ಲಿ ರೀಬಾಂಡಿಂಗ್, ಸ್ಮೂತ್ನಿಂಗ್ ಅಂತ ಕರೆಯುವುದರಲ್ಲಿ ಸಾಮಾನ್ಯವಾಗಿ ಇರುವುದು ಅದೇ. ನಿನ್ನ ಚಿಕ್ಕಮ್ಮನ ಮಗಳು ತಂದ ಡಬ್ಬ ಹೈಡ್ರಾಕ್ಸೈಡ್ ಜಾತಿಯದು. ಇವೆರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಥಯೋ ಆದ ಕೂದಲಿಗೆ ಅದನ್ನು ಹಚ್ಚಿದರೆ ಮುರಿಯುತ್ತದೆ. ಅದು ಆದ ಕೂದಲಿಗೆ ಥಯೋ ಹಚ್ಚಿದರೂ ಮುರಿಯುತ್ತದೆ. ಎಂಟು ತಿಂಗಳಾಯಿತು, ಎಷ್ಟೋ ಸಲ ತೊಳೆದಾಯಿತು ಅನ್ನಬೇಡ. ಅದು ತೊಳೆದು ಹೋಗುವ ವಸ್ತು ಅಲ್ಲ. ಕೂದಲಿನ ಒಳಗಿನ ಕಟ್ಟೇ ಬದಲಾಗಿರುತ್ತದೆ.

ಕಾಫಿಪುಡಿ · ಸೋಮವಾರ ರಾತ್ರಿ 10:50

ಬುಡದಲ್ಲಿರುವುದು ಹೊಸ ಕೂದಲು ಅಲ್ವಾ? ಅದಕ್ಕೆ ಏನೂ ಹಚ್ಚಿಲ್ಲ. ಅಷ್ಟಕ್ಕೇ ಡಬ್ಬದ್ದು ಹಚ್ಚಿದರೆ?

ಬಾಚಣಿಗೆ ಅಕ್ಕ · ಸೋಮವಾರ ರಾತ್ರಿ 11:02

ಒಳ್ಳೆಯ ಪ್ರಶ್ನೆ. ಕಾಗದದ ಮೇಲೆ ಸರಿ. ಆದರೆ ಹೊಸದು ಹಳೆಯದು ಸೇರುವ ಜಾಗ ಇದೆಯಲ್ಲ, ಅಲ್ಲಿ ಕ್ರೀಮು ಸ್ವಲ್ಪ ಕೆಳಗೆ ಜಾರಿಯೇ ಜಾರುತ್ತದೆ. ಮುರಿದರೆ ಸರಿಯಾಗಿ ಆ ಗೆರೆಯಲ್ಲೇ ಮುರಿಯುತ್ತದೆ, ಉದ್ದ ಪೂರ್ತಿ ಹೋಗುತ್ತದೆ. ಆಮೇಲೆ ಮುಂದಿನ ಸಲ ಯಾವ ಪಾರ್ಲರ್‌ಗೆ ಹೋದರೂ ಅವರು ಥಯೋನೇ ಹಚ್ಚುತ್ತಾರೆ. ಆಗ ಉಳಿದ ಕೂದಲೂ ಇಲ್ಲ.

ನಂಬಿಕೆ ಬಾರದಿದ್ದರೆ ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಕೂಡಿಸಿ ಅದರ ಮೇಲೆ ಹಚ್ಚಿ ನೋಡು. ತಲೆಯ ಮೇಲೆ ಬೇಡ. ಗಾಜಿನ ಬಟ್ಟಲು ತೊಗೊ. ಅಲ್ಯೂಮಿನಿಯಂ ಮುಟ್ಟಿಸಬೇಡ.

ಎಡಿಸನ್ ಸೊಸೆ · ಮಂಗಳವಾರ ಬೆಳಿಗ್ಗೆ 6:15

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಆ ಡಬ್ಬಗಳು ಇಲ್ಲಿ ಅಂಗಡಿಯ ಒಂದು ಸಾಲು ಪೂರ್ತಿ ಇರುತ್ತವೆ. ಹೆಚ್ಚಾಗಿ ಕೊಳ್ಳುವವರು ಕಪ್ಪು ಅಮೆರಿಕನ್ ಹೆಂಗಸರು, ತುಂಬಾ ಬಿಗಿ ಸುರುಳಿಯ ಕೂದಲಿಗೆ ಅಂತ. ‘ಲೈ’ ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ನಮ್ಮ ಕಾಸ್ಟಿಕ್ ಸೋಡಾ. ‘ನೋ ಲೈ’ ಅಂತ ಓದಿದವರಿಗೆ ಇದು ಸೌಮ್ಯ ಅನಿಸುತ್ತದೆ. ಆದರೆ ಆ ಕ್ರೀಮಿನಲ್ಲಿ ಇರುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಸುಣ್ಣ. ಪುಟ್ಟ ಬಾಟಲಿಯಲ್ಲಿ ಗ್ವಾನಿಡಿನ್ ಕಾರ್ಬೊನೇಟ್. ಎರಡೂ ಸೇರಿದರೆ ಗ್ವಾನಿಡಿನ್ ಹೈಡ್ರಾಕ್ಸೈಡ್ ಆಗುತ್ತದೆ. ನೆತ್ತಿಗೆ ಉರಿ ಸ್ವಲ್ಪ ಕಡಿಮೆ ಅಷ್ಟೆ, ಕೂದಲಿನ ಮಟ್ಟಿಗೆ ಅದೂ ಲೈ ಅಣ್ಣನೇ. ಸುಣ್ಣದ ಪದರ ಕೂದಲ ಮೇಲೆ ಕೂತು ಒರಟೂ ಆಗುತ್ತದೆ.

ಒಂದು ವಿಷಯ ಒಳ್ಳೆಯದಿದೆ. ಜೊತೆಗೆ ಬರುವ ಶಾಂಪೂ ಬಹಳ ಡಬ್ಬಗಳಲ್ಲಿ ಬಣ್ಣ ತೋರಿಸುವ ಜಾತಿ. ಕ್ರೀಮು ಉಳಿದಿದ್ದರೆ ನೊರೆ ಗುಲಾಬಿ, ಪೂರ್ತಿ ಹೋದರೆ ಬಿಳಿ. ನಮ್ಮ ಥಯೋ ಕಿಟ್ಟುಗಳಿಗೂ ಇಂಥದ್ದೊಂದು ಇದ್ದಿದ್ದರೆ ಚೆನ್ನಾಗಿತ್ತು.

ಸಲ್ಫರ್ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 8:05

ದಾವಣಗೆರೆಯಲ್ಲಿ ಪಿಯುಸಿಗೆ ಕೆಮಿಸ್ಟ್ರಿ ಹೇಳುತ್ತೇನೆ. ಹೆಂಡತಿ ಈ ಚರ್ಚೆ ತೋರಿಸಿದಳು, ಸುಮ್ನೆ ಇರಲಾಗಲಿಲ್ಲ.

ಕೂದಲು ಅಂದರೆ ಕೆರಾಟಿನ್ ಅನ್ನುವ ಪ್ರೋಟೀನಿನ ಎಳೆಗಳು. ಅಕ್ಕಪಕ್ಕದ ಎಳೆಗಳನ್ನು ಎರಡೆರಡು ಗಂಧಕದ ಪರಮಾಣುಗಳು ಕೈಹಿಡಿದು ಕೂಡಿಸಿರುತ್ತವೆ. ರವಿಕೆಯ ಹುಕ್ಕು ಅಂದುಕೊಳ್ಳಿ. ಹುಕ್ಕು ಎಲ್ಲೆಲ್ಲಿ ಬಿದ್ದಿದೆಯೋ ಅದಕ್ಕೆ ತಕ್ಕ ಹಾಗೆ ಕೂದಲು ಗುಂಗುರು, ಅಲೆ ಅಥವಾ ನೇರ. ಥಯೋ ಆ ಹುಕ್ಕುಗಳಲ್ಲಿ ಸುಮಾರಷ್ಟನ್ನು ಬಿಚ್ಚುತ್ತದೆ. ಇಸ್ತ್ರಿ ಎಳೆದು ನೇರ ಮಾಡಿದ ಮೇಲೆ ಎರಡನೇ ಲೋಷನ್ನು, ಅಂದರೆ ಹೈಡ್ರೋಜನ್ ಪೆರಾಕ್ಸೈಡ್, ಹೊಸ ಜಾಗದಲ್ಲಿ ಮತ್ತೆ ಹುಕ್ಕು ಹಾಕುತ್ತದೆ. ಹೈಡ್ರಾಕ್ಸೈಡ್ ಬಿಚ್ಚುವುದಿಲ್ಲ. ಒಂದು ಗಂಧಕವನ್ನು ಕಿತ್ತು ಬಿಸಾಡಿ, ಉಳಿದ ಒಂದರಲ್ಲೇ ಹೊಲಿಗೆ ಹಾಕಿಬಿಡುತ್ತದೆ. ಇದಕ್ಕೆ ಲ್ಯಾಂಥಿಯೋನಿನ್ ಅಂತ ಹೆಸರು. ಹುಕ್ಕು ಇನ್ನು ಎಂದಿಗೂ ವಾಪಸ್ ಬರುವುದಿಲ್ಲ. ಎರಡನ್ನೂ ಒಂದೇ ಎಳೆಯ ಮೇಲೆ ಮಾಡಿದರೆ ಬಟ್ಟೆ ಹಿಡಿದುಕೊಳ್ಳಲು ಏನು ಉಳಿಯಿತು?

ಪಿಎಚ್ ಲೆಕ್ಕವೂ ನೋಡಿ. ಥಯೋ ಸುಮಾರು 9ರಿಂದ ಒಂಬತ್ತೂವರೆ. ಹೈಡ್ರಾಕ್ಸೈಡ್ 13ರ ಹತ್ತಿರ. ನಾಲ್ಕೇ ಮೆಟ್ಟಿಲು ಅನಿಸುತ್ತದೆ, ಆದರೆ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. ಒಟ್ಟು ಹತ್ತು ಸಾವಿರ ಪಟ್ಟು ಕ್ಷಾರ.

ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಹೇಳಿಬಿಡುತ್ತೇನೆ. ಕೂದಲು ನೇರ ಮಾಡುವ ಧಂದೆಗೆ ಹಿಂದೆಯೇ ಇಳಿದವರಲ್ಲಿ ಒಬ್ಬರು ಅಮೆರಿಕದ ಗ್ಯಾರೆಟ್ ಮಾರ್ಗನ್. ಹೊಲಿಗೆ ಯಂತ್ರದ ಸೂಜಿ ಬಿಸಿಯಾಗದಿರಲಿ ಅಂತ ಒಂದು ದ್ರವ ಮಾಡುತ್ತಿದ್ದರಂತೆ. ಅದು ಮೆತ್ತಿದ ಬಟ್ಟೆಯ ಜುಂಗು ನೇರ ಆಗಿದ್ದು ಕಂಡು, ಪಕ್ಕದ ಮನೆ ನಾಯಿಗೆ ಹಚ್ಚಿ ನೋಡಿ, ಆಮೇಲೆ ತಲೆಗೆ ಹಚ್ಚಿಕೊಂಡರು ಅನ್ನುತ್ತಾರೆ. 1913ರಲ್ಲಿ ಕಂಪನಿಯನ್ನೇ ತೆರೆದರು. ಮೊದಲು ನಾಯಿ, ಆಮೇಲೆ ತಲೆ. ಪರೀಕ್ಷೆ ಮಾಡುವ ಬುದ್ಧಿಯಾದರೂ ಇತ್ತು.

ಮಲ್ಲಿಗೆಮೊಗ್ಗು · ಮಂಗಳವಾರ ಬೆಳಿಗ್ಗೆ 9:30

ಇಷ್ಟೆಲ್ಲ ಕೆಮಿಕಲ್ ಯಾಕೆ? ತೆಂಗಿನ ಹಾಲಿಗೆ ಕಾರ್ನ್‌ಫ್ಲೋರ್ ಹಾಕಿ ಕಾಯಿಸಿ ಹಚ್ಚಿ, ಪಾರ್ಲರ್‌ಗಿಂತ ನೇರ ಆಗುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ.

ಸಲ್ಫರ್ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 10:10

ಕೂದಲು ನುಣುಪಾಗುತ್ತದೆ, ಭಾರಕ್ಕೆ ಒಂದು ದಿನ ಇಳಿಬೀಳುತ್ತದೆ. ಗಂಧಕದ ಹುಕ್ಕಿಗೆ ಅದು ಕೈ ಹಚ್ಚುವುದಿಲ್ಲ. ತಲೆ ಒದ್ದೆಯಾದ ಕೂಡಲೇ ಹಳೆಯ ಅಲೆ. ಹಾಲನ್ನು ಪಾಯಸಕ್ಕೆ ಹಾಕಿ.

ತುಂಗಾತೀರದವಳು · ಬುಧವಾರ ಸಂಜೆ 7:20

ಪರೀಕ್ಷೆ ಮಾಡಿದೆ. ಓದುವಾಗ ನಿಮಗೂ ಹೊಟ್ಟೆ ತೊಳಸಬಹುದು.

ಬಾಚಣಿಗೆಯಿಂದ ಹದಿನೈದು ಎಳೆ ಆರಿಸಿ, ಬುಡಗಳನ್ನು ಒಂದು ಕಡೆ ಜೋಡಿಸಿ, ಕೆಂಪು ದಾರದಿಂದ ಕಟ್ಟಿದೆ. ಗಾಜಿನ ಬಟ್ಟಲಲ್ಲಿ ಡಬ್ಬದ ಕ್ರೀಮು ಒಂದು ಚಮಚ, ದ್ರವ ಲೆಕ್ಕಕ್ಕೆ ತಕ್ಕಷ್ಟು. ಐದನೇ ನಿಮಿಷಕ್ಕೆ ಬುಡದ ಅಲೆ ಸಡಿಲ ಆಯಿತು, ಖುಷಿಪಟ್ಟೆ. ಎಂಟನೇ ನಿಮಿಷಕ್ಕೆ ಬುಡ ನೇರ. ಆದರೆ ಕೆಳಗಿನ ಹಳೆಯ ಭಾಗ ಹೊಳಪು ಕಳೆದುಕೊಂಡು ಉಬ್ಬಿಕೊಂಡಿತ್ತು, ಬೇಯಿಸಿ ನೀರಲ್ಲಿ ಬಿಟ್ಟ ಶಾವಿಗೆ ಥರ. ಹನ್ನೆರಡನೇ ನಿಮಿಷಕ್ಕೆ ನಲ್ಲಿ ಕೆಳಗೆ ಹಿಡಿದೆ. ಕೆಂಪು ದಾರ ಮತ್ತು ಒಂಬತ್ತು ಸೆಂಟಿಮೀಟರ್ ಕೂದಲು ಬೆರಳಲ್ಲಿ ಉಳಿಯಿತು. ಮಿಕ್ಕಿದ್ದು ಸಿಂಕ್ ಜಾಲರಿಯ ಮೇಲೆ ತುಂಡು ತುಂಡಾಗಿ ಬಿದ್ದಿತ್ತು. ಎಳೆದದ್ದೂ ಇಲ್ಲ, ಉಜ್ಜಿದ್ದೂ ಇಲ್ಲ.

ತಂಗಿ ಪಕ್ಕದಲ್ಲೇ ನಿಂತಿದ್ದಳು. ಏನೂ ಮಾತಾಡದೆ ಡಬ್ಬ ಎತ್ತಿ ಅಟ್ಟದ ಮೇಲೆ ಇಟ್ಟು ಬಂದಳು.

ಅಕ್ಕ, ಥಯೋ ಕಿಟ್ಟೇ ತಂದು ಮನೆಯಲ್ಲಿ ಮಾಡಬಹುದಾ? ಹೇಗೆ ಅಂತ ಹೇಳಿ.

ಗದಗಿನ ಗೆಳತಿ · ಬುಧವಾರ ಸಂಜೆ 7:55

ಮಾಡುವ ಮೊದಲು ನನ್ನ ಕಥೆ ಕೇಳ್ರಿ. ಥಯೋ ಕ್ರೀಮೇ ಹಚ್ಚಿದ್ದೆ. 20 ನಿಮಿಷ ಅಂತ ಇತ್ತು. ಧಾರಾವಾಹಿ ಹತ್ತಿತ್ತು, ಜಾಸ್ತಿ ಹೊತ್ತು ಇಟ್ಟರೆ ಜಾಸ್ತಿ ನೇರ ಆಗುತ್ತದೆ ಅಂತ 45 ನಿಮಿಷ ಕೂತೆ. ತೊಳೆಯುವಾಗ ಕೂದಲು ಚ್ಯೂಯಿಂಗ್ ಗಮ್ ಥರ ಎಳೆದುಕೊಂಡು ಹೋಯಿತು, ವಾಪಸ್ ಬರಲೇ ಇಲ್ಲ. ಒಣಗಿದ ಮೇಲೆ ತುದಿಯೆಲ್ಲ ಸುಟ್ಟ ಹುರಿಹಗ್ಗ. ಕಿವಿಯವರೆಗೆ ಕತ್ತರಿಸಿದೆ. ಅವತ್ತಿನ ಧಾರಾವಾಹಿಯಲ್ಲಿ ಏನಾಯಿತು ಅಂತಲೂ ನೆನಪಿಲ್ಲ.

ಹೊಳಪುಕೂದಲು · ಬುಧವಾರ ರಾತ್ರಿ 8:30

ಥಯೋ ಬದಲು ಕೆರಾಟಿನ್ ಟ್ರೀಟ್‌ಮೆಂಟ್ ಕ್ರೀಮ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ವಾಸನೆ ಇಲ್ಲ, ‘ಫಾರ್ಮಲಿನ್ ಇಲ್ಲ’ ಅಂತ ಬರೆದಿದೆ. ಅದು ಸೇಫ್ ಅಲ್ವಾ?

ವಾರ್ಡ್ ನಂಬರ್ ಆರು · ಬುಧವಾರ ರಾತ್ರಿ 9:15

ನಾನು ನರ್ಸ್. ಕೆರಾಟಿನ್ ಅಂತ ಹೆಸರಿದ್ದ ಮಾತ್ರಕ್ಕೆ ಔಷಧಿ ಆಗುವುದಿಲ್ಲ. ಹಳೆಯ ಬಗೆಯವು ಇಸ್ತ್ರಿ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ, ಫಾರ್ಮಲಿನ್‌ನಲ್ಲಿ ಇರುವುದೂ ಅದೇ. ಅದು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅದಿಲ್ಲ ಅನ್ನುವ ಹೊಸವುಗಳಲ್ಲಿ ಎಷ್ಟೋ ಕಡೆ ಗ್ಲೈಆಕ್ಸಿಲಿಕ್ ಆಮ್ಲ ಇರುತ್ತದೆ. 2024ರಲ್ಲಿ ದೊಡ್ಡ ವೈದ್ಯಕೀಯ ಪತ್ರಿಕೆಯೊಂದರಲ್ಲಿ 26 ವರ್ಷದ ಹುಡುಗಿಯೊಬ್ಬಳ ವಿಷಯ ಬಂದಿತ್ತು. 2020, 2021, 2022, ಮೂರು ಸಲ ಸಲೂನ್‌ನಲ್ಲಿ ನೇರ ಮಾಡಿಸಿಕೊಂಡಳು, ಮೂರು ಸಲವೂ ಕಿಡ್ನಿ ಕೈಕೊಟ್ಟಿತು. ಕ್ರೀಮಿನಲ್ಲಿ ಆ ಆಮ್ಲ ಇತ್ತು. ಅದು ಚರ್ಮದ ಮೂಲಕ ಒಳಗೆ ಹೋಗಿ ಕಿಡ್ನಿಯಲ್ಲಿ ಆಕ್ಸಲೇಟ್ ಹರಳಾಗುತ್ತದೆ ಅನ್ನುವುದನ್ನು ಇಲಿಗಳ ಮೇಲೆ ತೋರಿಸಿದರು.

ಇನ್ನೊಂದು. ಅಮೆರಿಕದಲ್ಲಿ 33,497 ಹೆಂಗಸರನ್ನು ಹತ್ತು ವರ್ಷಕ್ಕೂ ಜಾಸ್ತಿ ಗಮನಿಸಿದ ಅಧ್ಯಯನ 2022ರಲ್ಲಿ ಹೊರಬಂತು. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಕೂದಲು ನೇರ ಮಾಡಿಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚು ಕಂಡಿತು. 70 ವರ್ಷದೊಳಗೆ ಬರುವ ಸಾಧ್ಯತೆ ಮಾಡಿಸದವರಿಗೆ ನೂರಕ್ಕೆ 1.64, ಇವರಿಗೆ 4.05. ಇದೇ ಕಾರಣ ಅಂತ ಅದು ಸಾಬೀತು ಮಾಡಿಲ್ಲ. ಆದರೂ ಎರಡು ತಿಂಗಳಿಗೊಮ್ಮೆ ಹಚ್ಚುವವರು ಯೋಚನೆ ಮಾಡಿ. ಬಸುರಿ, ಬಾಣಂತಿಯರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಬಾಚಣಿಗೆ ಅಕ್ಕ · ಗುರುವಾರ ಮಧ್ಯಾಹ್ನ 2:40

ಗಿರಾಕಿ ಇಲ್ಲದ ಹೊತ್ತು, ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಮಾಡು ಅಂತ ನಾನಾಗಿ ಹೇಳುವುದಿಲ್ಲ. ಹೇಗೂ ಮಾಡುತ್ತೀಯ ಅಂತ ಗೊತ್ತು, ಅದಕ್ಕೆ ಸರಿಯಾಗಿ ಮಾಡು.

ಕಿಟ್ಟಿನ ಮೇಲೆ ಮೂರು ಜಾತಿ ಬರೆದಿರುತ್ತಾರೆ: ಗಟ್ಟಿ ಕೂದಲಿಗೆ, ಸಾಮಾನ್ಯ ಕೂದಲಿಗೆ, ಬಣ್ಣ ಹಾಕಿದ ಅಥವಾ ಸೂಕ್ಷ್ಮ ಕೂದಲಿಗೆ. ಗಟ್ಟಿಯದು ತಂದರೆ ಬೇಗ ಆಗುತ್ತದೆ ಅನ್ನುವ ಆಸೆ ಬೇಡ. ನಿನಗೆ ಸಾಮಾನ್ಯದ್ದು ಸಾಕು. ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ಕಾಯಿ. ಕೆಂಪಾದರೆ, ತುರಿಸಿದರೆ ಅಲ್ಲಿಗೆ ಮುಗಿಯಿತು. ನೆತ್ತಿಯಲ್ಲಿ ಗಾಯ, ಹುಣ್ಣು ಇದ್ದರೂ ಬೇಡ. ಎರಡು ದಿನ ಮೊದಲು ತಲೆ ತೊಳೆದುಕೋ, ಉಗುರಿನಿಂದ ಕೆರೆಯಬೇಡ, ಎಣ್ಣೆ ಹಚ್ಚಬೇಡ. ಮತ್ತೆ ಬಾಚಣಿಗೆಯ ಕೂದಲಿನ ಮೇಲೆ ಈ ಕ್ರೀಮನ್ನೂ ಹಚ್ಚಿ ನೋಡು. ನಿನ್ನ ಕೂದಲಿಗೆ ಎಷ್ಟು ನಿಮಿಷ ಅನ್ನುವುದನ್ನು ಅದು ಹೇಳುತ್ತದೆ, ಡಬ್ಬ ಹೇಳುವುದಿಲ್ಲ. ಡಬ್ಬದಲ್ಲಿರುವುದು ದಾಟಬಾರದ ಗಡಿ ಅಷ್ಟೆ.

ಹಚ್ಚುವ ದಿನ ಹಣೆ, ಕಿವಿ, ಕತ್ತಿನ ಅಂಚಿಗೆ ವ್ಯಾಸಲೀನ್ ಸವರು. ಹಳೆಯ ನೇರ ಕೂದಲಿಗೆ ಕಂಡೀಷನರ್ ದಪ್ಪಗೆ ಬಳಿದುಬಿಡು, ಕ್ರೀಮು ಜಾರಿದರೂ ಹಿಡಿಯದ ಹಾಗೆ. ಕಿಟಕಿ ತೆರೆದಿರಲಿ. ತಲೆ ನಾಲ್ಕು ಭಾಗ ಮಾಡಿ, ಕತ್ತಿನ ಕಡೆಯಿಂದ ಶುರು ಮಾಡಿ ತೆಳು ತೆಳು ಪದರ ಎತ್ತಿ ಬ್ರಷ್‌ನಲ್ಲಿ ಹಚ್ಚಬೇಕು. ನೆತ್ತಿಯಿಂದ ಒಂದು ಸೆಂಟಿಮೀಟರ್ ಬಿಡಬೇಕು, ಹೊಸದು ಮುಗಿಯುವ ಗೆರೆಗೆ ನಿಲ್ಲಬೇಕು. ಹಣೆಯ ಮೇಲಿನ ಪುಟ್ಟ ಕೂದಲಿಗೆ ಕೊನೆಗೆ, ಅದು ಮಗುವಿನ ಕೂದಲಿನ ಹಾಗೆ, ಬೇಗ ಹಿಡಿಯುತ್ತದೆ. ಹಿಂದಿನ ತಲೆ ನಿನಗೆ ಕಾಣುವುದಿಲ್ಲ, ತಂಗಿ ಬೇಕೇ ಬೇಕು. ಅವಳ ಕೈಗೂ ಕೈಗವಸು. ಹಚ್ಚಿದ ಮೇಲೆ ಬಾಚಣಿಗೆ ಎಳೆಯಬಾರದು. ಆಗ ಕೂದಲಿಗೆ ಬಲವೇ ಇರುವುದಿಲ್ಲ. ಬೆರಳಿನಿಂದ ನೇವರಿಸಿದರೆ ಸಾಕು.

ಈಗ ಮುಖ್ಯ ವಿಷಯ. ಐದು ನಿಮಿಷಕ್ಕೊಮ್ಮೆ ಒಂದೆರಡು ಎಳೆಯಿಂದ ಕ್ರೀಮು ಒರೆಸಿ, ಪೆನ್ಸಿಲ್‌ಗೆ ಸುತ್ತಿ ಬಿಡು. ಸ್ಪ್ರಿಂಗ್ ಥರ ಬಿಚ್ಚಿಕೊಂಡರೆ ಇನ್ನೂ ಆಗಿಲ್ಲ. ಸುತ್ತಿದ ಹಾಗೇ ಸೋತು ಕೂತರೆ ಆಯಿತು, ಗಡಿಯಾರ ಏನೇ ಹೇಳಲಿ ತೊಳೆದುಬಿಡು. ನೇರ ಆಗಿ ಕಾಣಲಿ ಅಂತ ಕಾಯಬಾರದು. ಈ ಹಂತದಲ್ಲಿ ಕೂದಲು ಮೆತ್ತಗಾಗಬೇಕು, ನೇರ ಮಾಡುವುದು ಇಸ್ತ್ರಿಯ ಕೆಲಸ. ಮನೆಯಲ್ಲಿ ಮಾಡುವವರು ಎಡವುವುದೇ ಇಲ್ಲಿ.

ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ತೊಳೆ, ಜಾರು ಜಾರು ಹೋಗುವವರೆಗೆ. ಶಾಂಪೂ ಬೇಡ. ಟವೆಲ್‌ನಿಂದ ಒತ್ತು, ತಿಕ್ಕಬೇಡ. ಡ್ರೈಯರ್‌ನಿಂದ ಪೂರ್ತಿ ಒಣಗಿಸು. ಚೂರು ತೇವ ಇದ್ದಾಗ ಇಸ್ತ್ರಿ ಇಟ್ಟರೆ ಒಳಗಿನ ನೀರು ಕುದಿಯುತ್ತದೆ, ಚುರ್ ಅನ್ನುವ ಸದ್ದು ಬಂದರೆ ನಿಲ್ಲಿಸು. 180 ಡಿಗ್ರಿ ದಾಟಬೇಡ. ಒಂದು ಬೆರಳಿನಷ್ಟೇ ಕೂದಲು ಹಿಡಿದು ಎರಡು ಮೂರು ಸಲ ಎಳೆ. ಅವಸರಕ್ಕೆ ದಪ್ಪ ಹಿಡಿದು ಹತ್ತು ಸಲ ಎಳೆಯುವುದು ಬೇಡ.

ಆಮೇಲೆ ಎರಡನೇ ಲೋಷನ್ನು. ಇಸ್ತ್ರಿ ಮುಗಿಯುವಷ್ಟರಲ್ಲಿ ಎಲ್ಲರಿಗೂ ಕೈ ಸೋತಿರುತ್ತದೆ, ಹೇಗೂ ನೇರ ಕಾಣುತ್ತಿದೆಯಲ್ಲ ಅಂತ ಇದನ್ನು ಮೇಲೆ ಮೇಲೆ ಚಿಮುಕಿಸಿ ಮುಗಿಸುತ್ತಾರೆ. ಮೇಷ್ಟ್ರು ಹೇಳಿದ ಹುಕ್ಕು ಹಾಕುವುದು ಇದು. ಹುಕ್ಕು ಹಾಕದ ರವಿಕೆ ಎಷ್ಟು ಹೊತ್ತು ನಿಲ್ಲುತ್ತದೆ? ಒಂದು ಎಳೆಯೂ ಬಿಡದ ಹಾಗೆ ನೆನೆಸಿ, ಕಿಟ್ಟಿನಲ್ಲಿ ಹೇಳಿದಷ್ಟು ನಿಮಿಷ ಇಟ್ಟು, ಬರೀ ನೀರಲ್ಲಿ ತೊಳೆ. ಮೂರು ದಿನ ತಲೆಗೆ ನೀರಿಲ್ಲ, ಕ್ಲಿಪ್ಪಿಲ್ಲ, ಕಿವಿ ಹಿಂದೆ ಸಿಕ್ಕಿಸುವುದೂ ಇಲ್ಲ.

ಮದುವೆಗೆ ಎರಡು ವಾರ ಮೊದಲೇ ಮುಗಿಸು. ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡ.

ಕಾಫಿಪುಡಿ · ಗುರುವಾರ ಸಂಜೆ 5:10

ನಾನು ಪ್ಯಾಕೆಟ್ ಕಪ್ಪು ಮೆಹಂದಿ ಹಚ್ಚುತ್ತೇನೆ, ನನಗೂ ಆಗುತ್ತಾ? ನಮ್ಮದು ಬೋರ್‌ವೆಲ್ ನೀರು ಬೇರೆ.

ಬಾಚಣಿಗೆ ಅಕ್ಕ · ಗುರುವಾರ ರಾತ್ರಿ 9:00

ಗೋರಂಟಿ ಸೊಪ್ಪಿನದ್ದಾದರೆ ಕೂದಲಿಗೆ ಪದರ ಕಟ್ಟಿ ಕ್ರೀಮು ಅಲ್ಲಲ್ಲಿ ಹಿಡಿಯುವುದಿಲ್ಲ, ಅಷ್ಟೆ. ಪ್ಯಾಕೆಟ್‌ನದರಲ್ಲಿ ಲೋಹದ ಉಪ್ಪು ಇದ್ದರೆ ಪೆರಾಕ್ಸೈಡ್ ಸೇರಿದಾಗ ಕೂದಲು ಬಿಸಿಯಾಗಿ ಸುಡುತ್ತದೆ. ಏನಿದೆ ಅಂತ ಗೊತ್ತಿಲ್ಲದಿದ್ದರೆ ಮನೆಯಲ್ಲಿ ಕೈ ಹಾಕಬೇಡ, ಒಳ್ಳೆಯ ಪಾರ್ಲರ್‌ನಲ್ಲಿ ಒಂದು ಎಳೆ ಪರೀಕ್ಷೆ ಮಾಡಿಸು. ಬೋರ್‌ವೆಲ್ ನೀರಿನ ಸುಣ್ಣ ತೆಗೆಯುವ ಶಾಂಪೂ ಸಿಗುತ್ತದೆ, ಇಡಿಟಿಎ ಇರುವಂಥದ್ದು. ಎರಡು ದಿನ ಮೊದಲಿನ ಸ್ನಾನಕ್ಕೆ ಅದನ್ನೇ ಬಳಸಿ. ಕೊನೆಯಲ್ಲಿ ತೊಳೆಯಲು ಎರಡು ಕ್ಯಾನ್ ಕುಡಿಯುವ ನೀರು ಇಟ್ಟುಕೊಂಡರೂ ಆಯಿತು.

ತುಂಗಾತೀರದವಳು · ಹನ್ನೊಂದು ದಿನದ ನಂತರ

ಮುಗಿಯಿತು! ಬಾಚಣಿಗೆಯ ಕೂದಲಿನ ಮೇಲೆ 18 ನಿಮಿಷ ಬಂದಿತ್ತು. ತಲೆಯ ಮೇಲೆ ಹಿಂಭಾಗ 17ನೇ ನಿಮಿಷಕ್ಕೇ ಪೆನ್ಸಿಲ್‌ಗೆ ಸೋತಿತು, ತೊಳೆದೆವು. ಡಬ್ಬದಲ್ಲಿ 25 ಅಂತ ಇತ್ತು. ಇಸ್ತ್ರಿಗೆ ಎರಡೂ ಕಾಲು ಗಂಟೆ, ತಂಗಿಗೆ ಮಸಾಲೆ ದೋಸೆ ಲಂಚ. ಎರಡನೇ ಲೋಷನ್ ಹೊತ್ತಿಗೆ ಇಬ್ಬರಿಗೂ ಜಗಳ ಶುರುವಾಗಿತ್ತು, ಆದರೂ ಅಕ್ಕ ಹೇಳಿದ ರವಿಕೆ ನೆನಪಾಗಿ ಒಂದೊಂದು ಪದರವನ್ನೂ ನೆನೆಸಿದೆವು.

ಪೂರ್ತಿ ಕನ್ನಡಿಯಂಥ ನೇರ ಆಗಿಲ್ಲ. ಬುಡದಲ್ಲಿ ಸ್ವಲ್ಪ ಉಬ್ಬು ಉಳಿದಿದೆ, ಎಡಗಿವಿಯ ಮೇಲೆ ತಂಗಿ ಒಂದು ಪದರ ಮರೆತಿದ್ದಾಳೆ. ಮತ್ತೆ ಹಚ್ಚೋಣ ಅಂದಳು, ಬೇಡ ಅಂದೆ. ಒದ್ದೆ ಎಳೆ ಹಿಡಿದು ಎಳೆದರೆ ಹಿಗ್ಗಿ ವಾಪಸ್ ಬರುತ್ತಿದೆ. ನನಗೆ ಅದು ಸಾಕು.

ಬಾಚಣಿಗೆ ಅಕ್ಕ · ಅದೇ ದಿನ ರಾತ್ರಿ

ಆ ಬುಡದ ಉಬ್ಬು ಇದೆಯಲ್ಲ, ಅದಿಲ್ಲದಿದ್ದರೆ ತಲೆಗೆ ಕಾಗದ ಅಂಟಿಸಿದ ಹಾಗೆ ಕಾಣುತ್ತಿತ್ತು. ಇನ್ನು ಆರೇಳು ತಿಂಗಳು ಕೈ ಹಚ್ಚಬೇಡ. ಹೌದು, ಮದುವೆ ದಿನ ಹೂವಿಗೆ ಜಾಸ್ತಿ ಪಿನ್ನು ಇಟ್ಟುಕೋ.

ತುಂಗಾತೀರದವಳು · ಮೂರು ವಾರದ ನಂತರ

ಅಕ್ಕ, ಪಿನ್ನಿನ ಮಾತು ಯಾಕೆ ಹೇಳಿದಿರಿ ಅಂತ ಈಗ ಅರ್ಥ ಆಯಿತು. ಮೊಗ್ಗಿನ ಜಡೆ ಮೂರು ಸಲ ಜಾರಿತು. ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಪೂರ್ತಿ ಕಳಚಿ ಪುರೋಹಿತರ ಪಂಚಪಾತ್ರೆಯ ಪಕ್ಕ ಬಿತ್ತು. ಕೊನೆಗೆ ಸೋದರತ್ತೆ ದಬ್ಬಳ ದಾರ ತಂದು ಹೊಲಿದುಬಿಟ್ಟರು. ಫೋಟೋದಲ್ಲಿ ಮಾತ್ರ ಗೊತ್ತಾಗುವುದಿಲ್ಲ.